ಒಂದೇ ಒಲೆ, ಬೇರೆ ಬೇರೆ ಸಂಘ



ಈ ದತ್ತಿ ಉಪನ್ಯಾಸಕ್ಕೆ ನಾನು ಆರಿಸಿಕೊಂಡ ವಿಷಯ ಜಾತಿಯ ಹೆಸರಿನ ವಿದ್ಯಾರ್ಥಿನಿಲಯಗಳು ಮತ್ತು ಕಾಲೇಜುಗಳಲ್ಲಿ ಸಮುದಾಯದ ಹೆಸರಿನಲ್ಲಿ ಕೂಡುವ ವಿದ್ಯಾರ್ಥಿ ಸಂಘಗಳು. ಇಂಥವು ಇರಬೇಕೆ, ಬೇಡವೆ ಎಂಬ ವಾದ ಈಗ ಅಮೆರಿಕದಲ್ಲಿ ಕಾವೇರಿದೆ. ಅಲ್ಲಿ ಅದು ಜನಾಂಗದ ಹೆಸರಿನಲ್ಲಿ, ವೈವಿಧ್ಯದ ಹೆಸರಿನಲ್ಲಿ ನಡೆಯುತ್ತಿದೆ. ನಮಗೆ ಈ ವಾದ ಹೊಸದೇನಲ್ಲ. ನೂರು ವರ್ಷಕ್ಕೂ ಹಿಂದಿನಿಂದ ನಮ್ಮ ಸೀಮೆಯಲ್ಲೇ ಅದು ಬೆಳೆದು ಬಂದಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಹಳ್ಳಿಗಳಿಂದ ಹುಡುಗರು ಓದಲೆಂದು ವಿಜಯಪುರಕ್ಕೆ, ಸೊಲ್ಲಾಪುರಕ್ಕೆ, ಧಾರವಾಡಕ್ಕೆ ಹೊರಟ ಕಾಲದಿಂದಲೂ ಅವರಿಗೆ ಮೊದಲು ಎದುರಾದದ್ದು ಊಟದ ಚಿಂತೆ. ಎಲ್ಲಿ ಮಲಗುವುದು, ಯಾರ ಮನೆಯಲ್ಲಿ ಉಣ್ಣುವುದು, ಯಾರ ಬಾವಿಯ ನೀರು ಕುಡಿಯುವುದು? ಪಾಠದ ಚಿಂತೆ ಆಮೇಲಿನದು. ಇವತ್ತಿಗೂ ನಮ್ಮ ಹಳ್ಳಿಗಳಿಂದ ಶಹರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಹಳೆಯ ಧೋತರದ ತುಂಡಿನಲ್ಲಿ ಕಟ್ಟಿದ ರೊಟ್ಟಿಯ ಗಂಟುಗಳು ಕಾಣುತ್ತವೆ. ಒಳಗೆ ಕಟಿ ರೊಟ್ಟಿ, ಶೇಂಗಾ ಹಿಂಡಿ, ಒಂದು ಡಬ್ಬಿಯಲ್ಲಿ ಪಲ್ಯ. ಗಂಟಿನ ಮೇಲೆ ಮಗನ ಹೆಸರು, ರೂಮಿನ ವಿಳಾಸ. ಕಂಡಕ್ಟರ್ ಅದನ್ನು ನಿಲ್ದಾಣದಲ್ಲಿ ಇಳಿಸುತ್ತಾನೆ, ಹುಡುಗ ಬಂದು ಒಯ್ಯುತ್ತಾನೆ. ಓದಿನ ಬೆನ್ನಿಗೆ ಅನ್ನ ನಿಂತಿದೆ ಎಂಬುದನ್ನು ಇಷ್ಟು ಹತ್ತಿರದಿಂದ ತೋರಿಸುವ ವಸ್ತು ನಮ್ಮ ಭಾಗದಲ್ಲಿ ಮತ್ತೊಂದಿಲ್ಲ.

ಆ ಅನ್ನದ ಚಿಂತೆಗೆ ಹಿಂದೆ ಒಂದು ಸಮುದಾಯದ ಬಳಿ ಸಿದ್ಧ ಉತ್ತರವಿತ್ತು. ಬಡ ಬ್ರಾಹ್ಮಣ ಹುಡುಗ ಓದಲು ಊರಿಗೆ ಬಂದರೆ ಏಳು ಮನೆ ಗೊತ್ತುಮಾಡಿಕೊಳ್ಳುತ್ತಿದ್ದ. ಸೋಮವಾರಕ್ಕೊಂದು ಮನೆ, ಮಂಗಳವಾರಕ್ಕೊಂದು ಮನೆ. ಇದೇ ವಾರಾನ್ನ. ಅದರಲ್ಲಿ ಹಂಗಿತ್ತು, ಕೆಲವು ಮನೆಗಳಲ್ಲಿ ಅವಮಾನವೂ ಇತ್ತು. ಉಂಡವರು ಅದನ್ನು ಮರೆಯಲಿಲ್ಲ. ಆದರೂ ಹಸಿದ ಹುಡುಗನನ್ನು ಅದು ಮೆಟ್ರಿಕ್ಕಿನವರೆಗೆ, ಕಾಲೇಜಿನವರೆಗೆ ದಾಟಿಸಿತು. ಇದನ್ನು ಜಾತಿ ಸಂಸ್ಥೆ ಎಂದು ಯಾರೂ ಕರೆಯಲಿಲ್ಲ. ಅದಕ್ಕೊಂದು ಫಲಕವಿರಲಿಲ್ಲ, ಅಧ್ಯಕ್ಷರಿರಲಿಲ್ಲ, ಲೆಕ್ಕದ ಪುಸ್ತಕವಿರಲಿಲ್ಲ. ಕೆಲಸ ಮಾತ್ರ ಜಾತಿಯ ಆಧಾರದ ಮೇಲೆಯೇ ನಡೆಯುತ್ತಿತ್ತು. ಕುರುಬರ ಹುಡುಗ, ಗಾಣಿಗರ ಹುಡುಗ, ಒಕ್ಕಲುತನದ ಮನೆಯ ಲಿಂಗಾಯತ ಹುಡುಗ ಆ ಏಳು ಮನೆಗಳ ಬಾಗಿಲು ಬಡಿಯುವಂತಿರಲಿಲ್ಲ. ಊರ ಹೊರಗಿನ ಕೇರಿಯ ಹುಡುಗನಿಗಂತೂ ಆ ಓಣಿಯೇ ಇರಲಿಲ್ಲ. ಇದನ್ನು ಮೊದಲೇ ಹೇಳಲು ಕಾರಣವಿದೆ. ಜಾತಿಯ ಹೆಸರು ಹೊತ್ತ ಬೋರ್ಡಿಂಗುಗಳು ಬಂದ ಮೇಲೆ ವಿದ್ಯೆಗೆ ಜಾತಿಯ ಸೋಂಕು ತಗುಲಿತು ಎನ್ನುವವರಿದ್ದಾರೆ. ಸೋಂಕು ಮೊದಲೇ ಇತ್ತು, ಅದಕ್ಕೆ ಹೆಸರಿರಲಿಲ್ಲ ಅಷ್ಟೆ. ಬೋರ್ಡಿಂಗ್ ಕಟ್ಟಿದವರು ಫಲಕ ಹಾಕಿದ್ದರಿಂದ ಅವರದು ಕಣ್ಣಿಗೆ ಬಿತ್ತು.

ಇದಕ್ಕೆ ಕೊಲ್ಲಾಪುರಕ್ಕಿಂತ ಒಳ್ಳೆಯ ಸಾಕ್ಷ್ಯ ನನಗೆ ತಿಳಿದಿಲ್ಲ. ನಮ್ಮ ರಾಯಬಾಗ ಆಗ ಆ ಸಂಸ್ಥಾನಕ್ಕೇ ಸೇರಿತ್ತು. ಶಾಹು ಮಹಾರಾಜರು ಮೊದಲು ಜಾತಿಗೊಂದು ವಿದ್ಯಾರ್ಥಿನಿಲಯ ಕಟ್ಟಲು ಹೊರಟವರಲ್ಲ. 1896ರಲ್ಲಿ ರಾಜಾರಾಮ ಕಾಲೇಜಿನ ವಿದ್ಯಾರ್ಥಿಗಳಿಗಾಗಿ ಎಲ್ಲ ಜಾತಿಯವರಿಗೂ ತೆರೆದ ಒಂದು ಸಾಮಾನ್ಯ ವಸತಿಗೃಹ ಮಾಡಿದರು. ಕಾಗದದ ಮೇಲೆ ಅದು ಎಲ್ಲರದು. ಕೆಲವೇ ವರ್ಷಗಳಲ್ಲಿ ಅಲ್ಲಿ ಬ್ರಾಹ್ಮಣ ವಿದ್ಯಾರ್ಥಿಗಳು ಮಾತ್ರ ಉಳಿದರು. ಉಳಿದವರು ಹೋಗಬಾರದೆಂದು ಆಜ್ಞೆಯೇನೂ ಹೊರಟಿರಲಿಲ್ಲ. ನಡೆಸುವವರು ಒಂದೇ ಸಮುದಾಯದವರು, ಅಡುಗೆಯ ಮಡಿ ಅವರದು, ಪಂಕ್ತಿಯ ಕ್ರಮ ಅವರದು. ಬೇರೆಯವರು ತಾವಾಗಿಯೇ ಹೊರಗುಳಿಯಲು ಇಷ್ಟು ಸಾಕಾಯಿತು. ಆಗ ಮಹಾರಾಜರು ದಾರಿ ಬದಲಿಸಿದರು. 1901ರಲ್ಲಿ ಮರಾಠಾ ಬೋರ್ಡಿಂಗ್ ಬಂತು. ಆ ದಶಕ ಮುಗಿಯುವುದರೊಳಗೆ ಜೈನರಿಗೆ, ಮುಸಲ್ಮಾನರಿಗೆ, ಲಿಂಗಾಯತರಿಗೆ, ಅಸ್ಪೃಶ್ಯರೆನಿಸಿಕೊಂಡವರಿಗೆ ಬೇರೆ ಬೇರೆ ನಿಲಯಗಳಾದವು. ನಡುವೆ 1902ರಲ್ಲಿ ಸಂಸ್ಥಾನದ ನೌಕರಿಗಳಲ್ಲಿ ಶೇಕಡ 50ರಷ್ಟನ್ನು ಹಿಂದುಳಿದವರಿಗೆ ಮೀಸಲಿಟ್ಟ ಆಜ್ಞೆಯೂ ಹೊರಟಿತು. ಬೇರೆ ಬೇರೆ ನಿಲಯಗಳು ಹುಟ್ಟಿದ್ದು ಒಂದಾಗಿ ಇರಲು ಯಾರೂ ಯತ್ನಿಸದೆ ಅಲ್ಲ, ಯತ್ನಿಸಿ ಸೋತ ಮೇಲೆ. ಈ ಕ್ರಮ ನಮ್ಮ ನೆನಪಿನಲ್ಲಿ ತಲೆಕೆಳಗಾಗಿ ಕೂತಿದೆ.

ವಿಜಯಪುರದಲ್ಲಿ ಇದೇ ಗಾಳಿ ಬೀಸಿತು. ಧಾರವಾಡದಲ್ಲಿ ಹುಟ್ಟಿ, ವಕೀಲಿಗಾಗಿ ವಿಜಯಪುರಕ್ಕೆ ಬಂದ ಫ.ಗು. ಹಳಕಟ್ಟಿಯವರು 1910ರಲ್ಲಿ ಬಿಜಾಪುರ ಲಿಂಗಾಯತ ಜಿಲ್ಲಾ ವಿದ್ಯಾಸಂಸ್ಥೆ ಕಟ್ಟಿದರು. ನಾವೆಲ್ಲ ಬಿ.ಎಲ್.ಡಿ.ಇ. ಎನ್ನುವುದು ಅದನ್ನೇ. ಆರು ವರ್ಷಗಳ ಮೇಲೆ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೆ.ಎಲ್.ಇ. ಸಂಸ್ಥೆಗೆ ಅಡಿಗಲ್ಲು ಹಾಕಿದರು. ಹಳಕಟ್ಟಿಯವರನ್ನು ನಾವು ವಚನಗಳನ್ನು ತಾಳೆಗರಿಯಿಂದ ಅಚ್ಚಿಗೆ ತಂದವರೆಂದು ನೆನೆಯುತ್ತೇವೆ. 1923ರ ವಚನಶಾಸ್ತ್ರಸಾರ, 1926ರ ಶಿವಾನುಭವ ಪತ್ರಿಕೆ, ಅದಕ್ಕಾಗಿ ಮಾರಿಕೊಂಡ ಆಸ್ತಿಪಾಸ್ತಿ, ಇವೆಲ್ಲ ಗೊತ್ತಿರುವ ಸಂಗತಿ. ಆದರೆ ಅದೇ ಮನುಷ್ಯ ಶಾಲೆ ಕಟ್ಟಿದ್ದೂ ಸಹಕಾರಿ ಬ್ಯಾಂಕಿಗೆ ಕೈಹಾಕಿದ್ದೂ ವಚನಗಳನ್ನು ಅಚ್ಚಿಗೆ ತಂದದ್ದೂ ಒಂದೇ ಯೋಚನೆಯ ಮೂರು ಮುಖಗಳು: ಓದು, ದುಡ್ಡು, ತನ್ನದೆಂದು ಹೇಳಿಕೊಳ್ಳುವ ಒಂದು ಗ್ರಂಥರಾಶಿ. ಮುಂದೆ ಆ ಸಂಸ್ಥೆಗೆ ಇಂಡಿ ತಾಲೂಕಿನ ಬಂಥನಾಳದ ಸಂಗನಬಸವ ಶಿವಯೋಗಿಗಳು ಜೋಳಿಗೆ ಹಿಡಿದರು. ಹಳ್ಳಿಯ ಕಣದಲ್ಲಿ ರೈತ ಅಳೆದುಕೊಟ್ಟ ಜೋಳ ಶಹರದಲ್ಲಿ ಶಾಲೆಯ ಗೋಡೆಯಾಯಿತು. ಆ ಜೋಳ ಕೊಟ್ಟವರಲ್ಲಿ ಹೆಚ್ಚಿನವರಿಗೆ ಸಹಿ ಹಾಕಲೂ ಬರುತ್ತಿರಲಿಲ್ಲ. ಈ ಕೆಲಸವನ್ನು ಜಾತೀಯತೆ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪಲಾರೆ.

ಅಷ್ಟೇ ನೇರವಾಗಿ ಮತ್ತೊಂದನ್ನೂ ಹೇಳಬೇಕು. ಲಿಂಗಾಯತರ ಬೋರ್ಡಿಂಗುಗಳು, ಮರಾಠರ ಬೋರ್ಡಿಂಗುಗಳು ಎದ್ದು ನಿಂತ ಕಾಲದಲ್ಲೂ, ಕೊಲ್ಲಾಪುರದಂಥ ಕಡೆ ಬಿಟ್ಟರೆ, ಹೊಲೆಯರ, ಮಾದಿಗರ ಹುಡುಗನ ತಾಟಿಗೆ ಅನ್ನ ಬಿದ್ದಿರಲಿಲ್ಲ. ಡಾ. ಅಂಬೇಡ್ಕರ್ ಅವರು 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದಾಗ ಅದು ಮೊದಮೊದಲು ಕೈಗೆತ್ತಿಕೊಂಡ ಕೆಲಸಗಳಲ್ಲಿ ಒಂದು ವಿದ್ಯಾರ್ಥಿನಿಲಯ. 1925ರ ಜನವರಿಯಲ್ಲಿ ಅದು ತೆರೆದದ್ದು ಸೊಲ್ಲಾಪುರದಲ್ಲಿ, ನಮ್ಮ ಇಂಡಿಯ ಗಡಿಗೆ ಅಂಟಿಕೊಂಡ ಜಿಲ್ಲೆಯಲ್ಲಿ. 1929ರ ಹೊತ್ತಿಗೆ ಧಾರವಾಡದಲ್ಲೂ ಅವರ ಮುಂದಾಳುತನದಲ್ಲಿ ಒಂದು ನಿಲಯವಾಯಿತು. ಮುಂಬೈಯಲ್ಲಿ ಕೂತ ಬ್ಯಾರಿಸ್ಟರರು ದೇವಾಲಯ ಪ್ರವೇಶಕ್ಕಿಂತ ಮೊದಲು ಹುಡುಗರಿಗೆ ಹಾಸಿಗೆ ಮತ್ತು ಊಟ ಒದಗಿಸಲು ಹೊರಟದ್ದನ್ನು ಗಮನಿಸಬೇಕು. ಕೆರೆಯ ನೀರಿನ ಮಹಾಡ ಸತ್ಯಾಗ್ರಹ ನಡೆದದ್ದೂ ಇದಾದ ಎರಡು ವರ್ಷಗಳ ಮೇಲೆ, 1927ರಲ್ಲಿ. ಒಂದು ಬಹಿಷ್ಕಾರದ ಒಳಗೆ ಇನ್ನೊಂದು ಬಹಿಷ್ಕಾರವಿದ್ದಿತೆಂಬುದನ್ನು ಸೊಲ್ಲಾಪುರದ ಆ ನಿಲಯವೇ ಹೇಳುತ್ತದೆ. ಹೊರಗಿಡಲ್ಪಟ್ಟವರು ತಮ್ಮ ಮನೆ ಕಟ್ಟಿಕೊಂಡಾಗ ತಮಗಿಂತ ಹೊರಗಿದ್ದವರನ್ನು ಕರೆಯಲಿಲ್ಲ.

ಕೊಲ್ಲಾಪುರದ ಬೋರ್ಡಿಂಗುಗಳು ಏಳುತ್ತಿದ್ದ ವರ್ಷಗಳಲ್ಲೇ ಸಮುದ್ರದಾಚೆ ನಡೆದದ್ದನ್ನೂ ಇಲ್ಲಿ ಒಂದು ಮಾತಿನಲ್ಲಿ ಸೇರಿಸುತ್ತೇನೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಬಂದಿದ್ದ ಬೆರಳೆಣಿಕೆಯ ಕಪ್ಪು ವಿದ್ಯಾರ್ಥಿಗಳಲ್ಲಿ ಆರು ಮಂದಿ 1905ರಲ್ಲಿ ಮರಳಿ ಬರಲಿಲ್ಲ. ಬಿಳಿಯರ ವಿದ್ಯಾರ್ಥಿ ಬಳಗಗಳಲ್ಲಿ ಅವರಿಗೆ ಜಾಗವಿರಲಿಲ್ಲ. ಉಳಿದವರು ಕೂಡಿ ಓದುವ ಒಂದು ಗುಂಪು ಮಾಡಿಕೊಂಡರು. 1906ರಲ್ಲಿ ಅದೇ ಆಲ್ಫಾ ಫೈ ಆಲ್ಫಾ ಎಂಬ ಸಂಘವಾಯಿತು. ಮಾರ್ಟಿನ್ ಲೂಥರ್ ಕಿಂಗ್ ಮುಂದೆ ಅದರ ಸದಸ್ಯರಾದರು. ಕೊಲ್ಲಾಪುರದ ಲಿಂಗಾಯತ ಬೋರ್ಡಿಂಗ್ ಆದದ್ದು ಅದರ ಮರುವರ್ಷ. ಇವರ ಹೆಸರು ಅವರು ಕೇಳಿರಲಿಕ್ಕಿಲ್ಲ, ಅವರ ಹೆಸರು ಇವರು ಕೇಳಿರಲಿಕ್ಕಿಲ್ಲ.

ಇಷ್ಟನ್ನು ಮುಂದಿಟ್ಟುಕೊಂಡು ನನ್ನ ವಾದವನ್ನು ಹೇಳಿಬಿಡುತ್ತೇನೆ. ವಿದ್ಯಾರ್ಥಿ ಜೀವನದಲ್ಲಿ ಎರಡು ಬಗೆಯ ಕೂಟಗಳಿವೆ. ಒಂದು, ಬಾಳುವ ಕೂಟ: ಹಾಸಿಗೆ, ಊಟ, ಬಚ್ಚಲು, ಓದುವ ದೀಪ. ಇನ್ನೊಂದು, ಮಾತಿನ ಕೂಟ: ಸಂಘ, ಅಧ್ಯಯನ ವೃತ್ತ, ಜಯಂತಿಯ ಸಮಿತಿ. ನಮ್ಮ ಚರ್ಚೆ ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತದೆ. ಬೇರೆಬೇರೆಯಾಗಿ ಇಡಬಾರದ್ದು ಬಾಳುವ ಕೂಟ. ಬೇರೆಯಾಗಿ ಇರಲು ಬಿಡಬೇಕಾದದ್ದು ಮಾತಿನ ಕೂಟ. ನಾವು ಮಾಡುತ್ತಿರುವುದು ಇದರ ತಿರುವುಮುರುವು. ಹುಡುಗರನ್ನು ಜಾತಿವಾರು ಕಟ್ಟಡಗಳಲ್ಲಿ ಮಲಗಿಸುತ್ತೇವೆ. ಅವರಲ್ಲಿ ನಾಲ್ವರು ಕೂಡಿ ತಮ್ಮ ಸಂಕಟ ಮಾತಾಡಿಕೊಳ್ಳಲು ಒಂದು ಸಂಘ ಮಾಡಿದರೆ ಜಾತಿ ತಂದರೆಂದು ಗದರುತ್ತೇವೆ. ಸಂಘದಿಂದ ಸಂಜೆ ಎದ್ದು ಬರಬಹುದು. ಮೂರು ವರ್ಷ ಮಲಗುವ ಕೋಣೆಯಿಂದ ಎದ್ದು ಬರುವುದು ಹೇಗೆ?

ಮೊದಲು ಬಾಳುವ ಕೂಟದ ವಿಚಾರ. ಕೊಲ್ಲಾಪುರ, ಸೊಲ್ಲಾಪುರ, ವಿಜಯಪುರಗಳಲ್ಲಿ ಬೇರೆ ನಿಲಯಗಳು ಬೇಕಾಗಿದ್ದವು ಎಂದು ಒಪ್ಪಿದ ನಾನು ಇವತ್ತು ಬೇಡ ಎನ್ನುವುದು ಹೇಗೆ ಎಂದು ಕೇಳಬಹುದು. ಅವತ್ತು ಸಾಮಾನ್ಯ ನಿಲಯವೊಂದನ್ನು ನ್ಯಾಯವಾಗಿ ನಡೆಸುವ ಶಕ್ತಿ ಯಾರಿಗೂ ಇರಲಿಲ್ಲ, ಮಹಾರಾಜರಿಗೂ ಇರಲಿಲ್ಲ. ಇವತ್ತು ಅಸ್ಪೃಶ್ಯತೆಯನ್ನು ಅಪರಾಧವೆಂದ ಸಂವಿಧಾನವಿದೆ, 1989ರ ದೌರ್ಜನ್ಯ ತಡೆ ಕಾಯ್ದೆಯಿದೆ, ಸರ್ಕಾರದ್ದೇ ಹಣವಿದೆ. ಹೀಗಿದ್ದೂ ನಮ್ಮ ತಾಲೂಕು ಕೇಂದ್ರಗಳಲ್ಲಿ ಸುತ್ತಾಡಿ ನೋಡಿ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಒಂದು ಕಡೆ, ಪರಿಶಿಷ್ಟ ಪಂಗಡದ್ದು ಇನ್ನೊಂದು ಕಡೆ, ಹಿಂದುಳಿದ ವರ್ಗಗಳ ಬಿ.ಸಿ.ಎಂ. ಹಾಸ್ಟೆಲ್ ಮತ್ತೊಂದು ಬಡಾವಣೆಯಲ್ಲಿ, ಅಲ್ಪಸಂಖ್ಯಾತರದು ಮಗದೊಂದು ಕಡೆ. ಬೇರೆ ವರ್ಗದ ಕೆಲವು ಮಕ್ಕಳಿಗೆ ಅಲ್ಲಲ್ಲಿ ಜಾಗ ಸಿಗುತ್ತದೆ, ನಿಜ. ಆದರೆ ಊರವರ ಬಾಯಲ್ಲಿ ಕಟ್ಟಡಕ್ಕೊಂದು ಜಾತಿ ಬಂದುಬಿಟ್ಟಿದೆ. ಮಠಗಳಿಂದ, ಸಂಘಗಳಿಂದ ಆದದ್ದನ್ನು ಈಗ ಇಲಾಖೆಗಳು ಮಾಡುತ್ತಿವೆ. ಹಣ ಬೇರೆ ಬೇರೆ ಲೆಕ್ಕದಲ್ಲಿ ಬರಲಿ, ಅದು ಅಗತ್ಯ. ಪರಿಶಿಷ್ಟರ ಪಾಲಿನ ಹಣ ಇನ್ನೊಂದಕ್ಕೆ ಸೋರಿಹೋಗಬಾರದು. ಸೀಟುಗಳ ಖಾತರಿಯೂ ಬೇರೆಯೇ ಇರಲಿ. ಆದರೆ ನಾಲ್ಕು ಲೆಕ್ಕದ ಹಣದಿಂದ ಒಂದು ಆವರಣ, ಒಂದು ಅಡುಗೆಮನೆ, ಒಂದು ಊಟದ ಹಜಾರ ಕಟ್ಟಲು ಅಡ್ಡಿಯೇನು? ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಲ್ಲಿ, ಕಿತ್ತೂರು ರಾಣಿ ಚನ್ನಮ್ಮ ವಸತಿ ಶಾಲೆಗಳಲ್ಲಿ ಸೀಟು ಹಂಚಿಕೆ ವರ್ಗವಾರು, ಬದುಕು ಒಟ್ಟಿಗೆ. ಆರನೆಯ ತರಗತಿಯಿಂದ ಒಂದೇ ಸಾಲಿನಲ್ಲಿ ತಾಟು ಹಿಡಿದು ನಿಂತ ಮಕ್ಕಳನ್ನು ಪಿಯುಸಿಗೆ ಬರುತ್ತಲೇ ನಾಲ್ಕು ಬಡಾವಣೆಗಳಿಗೆ ಹಂಚುವುದರಲ್ಲಿ ಯಾವ ನ್ಯಾಯವೂ ಕಾಣುವುದಿಲ್ಲ. ತುಮಕೂರಿನ ಸಿದ್ಧಗಂಗೆಯಂಥ ಮಠ ಎಲ್ಲ ಜಾತಿಯ, ಎಲ್ಲ ಮತದ ಸಾವಿರಾರು ಮಕ್ಕಳನ್ನು ಒಂದೇ ದಾಸೋಹದ ಒಲೆಯಿಂದ ಸಲಹಬಹುದಾದರೆ ಸರ್ಕಾರಕ್ಕೆ ಅದು ಆಗದ ಕೆಲಸವಲ್ಲ.

ಬೆರೆಸಿದರೆ ಸಾಕೆ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಇದು ಗಟ್ಟಿಯಾದ ಆಕ್ಷೇಪ. ದೆಹಲಿಯ ಏಮ್ಸ್ ವೈದ್ಯಕೀಯ ಸಂಸ್ಥೆಯಲ್ಲಿ ಜಾತಿ ತಾರತಮ್ಯದ ದೂರುಗಳು ಬಂದಾಗ ಪ್ರೊ. ಸುಖದೇವ ಥೋರಟ್ ಅಧ್ಯಕ್ಷತೆಯ ಸಮಿತಿ 2007ರಲ್ಲಿ ವರದಿ ಕೊಟ್ಟಿತು. ಅಲ್ಲಿಯ ವಿದ್ಯಾರ್ಥಿನಿಲಯಗಳು ಕಾಗದದ ಮೇಲೆ ಎಲ್ಲರವು. ಆದರೆ ಪರಿಶಿಷ್ಟ ವಿದ್ಯಾರ್ಥಿಗಳು ಕಿರುಕುಳ ತಾಳದೆ ಕೋಣೆ ಬದಲಿಸುತ್ತ ಬಂದು ಕೆಲವು ನಿಲಯಗಳ ಕೆಲವು ಮಹಡಿಗಳಲ್ಲಿ ಒಟ್ಟಾಗಿ ಉಳಿದಿದ್ದರು. 1896ರ ಕೊಲ್ಲಾಪುರದ ಕಥೆ 110 ವರ್ಷಗಳ ಮೇಲೆ ದೇಶದ ಹೆಸರಾಂತ ವೈದ್ಯಕೀಯ ಸಂಸ್ಥೆಯಲ್ಲಿ ಮತ್ತೆ ನಡೆದಿತ್ತು. ಆದ್ದರಿಂದ ಬಾಗಿಲು ತೆರೆದಿಟ್ಟರೆ ಎಲ್ಲ ಸರಿಹೋಗುತ್ತದೆಂದು ನಾನು ಹೇಳುತ್ತಿಲ್ಲ. ಒಂದೇ ನಿಲಯದಲ್ಲಿ ಇರಿಸಿದ ಹುಡುಗನಿಗೆ, ಅಲ್ಲಿ ಅವಮಾನವಾದರೆ ಹೋಗಿ ಕೂರಲು ತನ್ನವರ ಒಂದು ಜಾಗ ಬೇಕು. ಮಾತಿನ ಕೂಟ ಬೇಕಾಗುವುದು ಇಲ್ಲೇ. ನಿಲಯವನ್ನು ಬೆರೆಸಬೇಕೆನ್ನುವವನು ಸಂಘವನ್ನು ಕಾಯಲೇಬೇಕು. ಒಂದಿಲ್ಲದೆ ಇನ್ನೊಂದು ನಿಲ್ಲುವುದಿಲ್ಲ.

ಸಂಘದ ಬೆಲೆ ನಮ್ಮ ರಾಜ್ಯಕ್ಕೆ 1973ರಲ್ಲಿ ತಿಳಿಯಿತು. ಆ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂಬರ್ಥದ ಮಾತು ಆಡಿದರು. ಮಾತಿಗೆ ಮಾತಿನ ಉತ್ತರ ಬರಬಹುದಿತ್ತು. ಬಂದದ್ದು ಗಲಭೆ. ಬೀದಿಗಳಲ್ಲಿ, ಕಾಲೇಜುಗಳಲ್ಲಿ, ಹಾಸ್ಟೆಲುಗಳಲ್ಲಿ ದಲಿತ ವಿದ್ಯಾರ್ಥಿಗಳ ಮೇಲೆ ಕೈಮಾಡಲಾಯಿತು. ಸಚಿವರು ರಾಜೀನಾಮೆ ಕೊಡಬೇಕಾಯಿತು. ಹೊಡೆತ ತಿಂದ ಆ ಹುಡುಗರು ಹಾಸ್ಟೆಲಿನ ಕೋಣೆಗಳಲ್ಲಿ ಕೂತು ಮಾತಾಡಿಕೊಂಡದ್ದರಿಂದಲೇ ದಲಿತ ಸಂಘರ್ಷ ಸಮಿತಿಗೆ ನೆಲ ಸಿದ್ಧವಾಯಿತು, ಕನ್ನಡಕ್ಕೆ ಒಂದು ಹೊಸ ಸಾಹಿತ್ಯ ಬಂತು. ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನಲ್ಲಿದ್ದು ಓದಿದ ಸಿದ್ಧಲಿಂಗಯ್ಯನವರ ಕಾವ್ಯವನ್ನು ಇವತ್ತು ಯಾವ ಜಾತಿಯ ಅಧ್ಯಾಪಕರೂ ಪಾಠ ಮಾಡುತ್ತಾರೆ. ನಮ್ಮ ಮುದ್ದೇಬಿಹಾಳದವರೇ ಆದ ಅರವಿಂದ ಮಾಲಗತ್ತಿಯವರು 1994ರಲ್ಲಿ ತಮ್ಮ ಆತ್ಮಕಥನಕ್ಕೆ ಗೌರ್ಮೆಂಟ್ ಬ್ರಾಹ್ಮಣ ಎಂದು ಹೆಸರಿಟ್ಟರು. ಮೀಸಲಾತಿಯಲ್ಲಿ ಸೀಟು ಪಡೆದವರನ್ನು ಚುಚ್ಚಲು ಬಳಸುವ ಬೈಗುಳವನ್ನು ಎತ್ತಿ ಪುಸ್ತಕದ ಹೊದಿಕೆಯ ಮೇಲೆ ಬರೆದರು. ಸೀಟು ಸಿಕ್ಕರೂ ಮರ್ಯಾದೆ ಸಿಗುವುದಿಲ್ಲ ಎಂಬುದಕ್ಕೆ ಆ ಎರಡು ಪದಗಳಿಗಿಂತ ಬೇರೆ ಪುರಾವೆ ಬೇಕಾಗಿಲ್ಲ. ಆ ಬೈಗುಳ ಕೇಳಿದ ಹುಡುಗಿ ಅಥವಾ ಹುಡುಗ, ಅದೇ ಬೈಗುಳ ಕೇಳಿದ ಇನ್ನೊಬ್ಬರನ್ನು ಹುಡುಕಿಕೊಂಡು ಹೋಗುವುದನ್ನು ಜಾತೀಯತೆ ಎನ್ನಲು ನನಗೆ ಬಾಯಿ ಬರುವುದಿಲ್ಲ. 2015ರಲ್ಲಿ ಮದ್ರಾಸ್ ಐಐಟಿಯಲ್ಲಿ ಅಂಬೇಡ್ಕರ್ ಪೆರಿಯಾರ್ ಅಧ್ಯಯನ ವೃತ್ತದ ಮಾನ್ಯತೆ ತೆಗೆದು, ದೇಶದ ತುಂಬ ಪ್ರತಿಭಟನೆ ಎದ್ದ ಮೇಲೆ ಕೆಲವೇ ದಿನಗಳಲ್ಲಿ ಮರಳಿ ಕೊಟ್ಟರು. 2016ರ ಜನವರಿಯಲ್ಲಿ ಹೈದರಾಬಾದಿನಲ್ಲಿ ರೋಹಿತ್ ವೇಮುಲ ಪ್ರಾಣ ಕಳೆದುಕೊಂಡದ್ದು ಹಾಸ್ಟೆಲಿನಿಂದ ಹೊರಹಾಕಲ್ಪಟ್ಟ ಮೇಲೆ. ಅವರು ಅಂಬೇಡ್ಕರ್ ವಿದ್ಯಾರ್ಥಿ ಸಂಘದವರು. ಸಂಘವನ್ನು ಅನುಮಾನದಿಂದ ನೋಡಿ, ಹಾಸಿಗೆಯನ್ನು ಕಿತ್ತುಕೊಂಡಾಗ ಏನಾಗುತ್ತದೆ ಎಂಬುದು ಅಲ್ಲಿ ಕಂಡಿತು.

ಹಾಗಾದರೆ ಬಲಾಢ್ಯ ಜಾತಿಯ ವಿದ್ಯಾರ್ಥಿಗಳೂ ಸಂಘ ಕಟ್ಟಬಹುದೆ? ಕೂಡುವ ಹಕ್ಕು ಸಂವಿಧಾನದ 19ನೆಯ ವಿಧಿಯಲ್ಲಿ ಎಲ್ಲರಿಗೂ ಇದೆ, ತಡೆಯಲಾಗದು. ಆದರೆ ಹಕ್ಕು ಬೇರೆ, ಸಮಾಜದ ಹಣ ಮತ್ತು ಕಾಲೇಜಿನ ಆಸರೆಯ ಮೇಲಿನ ದಾವೆ ಬೇರೆ. ಆ ದಾವೆ ಅಧಿಕಾರ ಬೆಳೆದಂತೆ ಕರಗಬೇಕು. ಇದನ್ನು ಹೇಳಲು ನಮ್ಮ ರಾಜ್ಯದ್ದೇ ಒಂದು ಮೊಕದ್ದಮೆ ಇದೆ. 1962ರ ಜುಲೈಯಲ್ಲಿ ಮೈಸೂರು ಸರ್ಕಾರ ವೈದ್ಯಕೀಯ, ಎಂಜಿನಿಯರಿಂಗ್ ಸೀಟುಗಳಲ್ಲಿ ಶೇಕಡ 68ನ್ನು ಮೀಸಲಿಟ್ಟಿತು: ಹಿಂದುಳಿದವರಿಗೆ 28, ಹೆಚ್ಚು ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗೆ 15, ಪರಿಶಿಷ್ಟ ಪಂಗಡಕ್ಕೆ 3. ಆಧಾರ ನಾಗನಗೌಡ ಸಮಿತಿಯ ಅಂಕಿಗಳು. ಹೈಸ್ಕೂಲಿನ ಕೊನೆಯ ಮೂರು ತರಗತಿಗಳಲ್ಲಿ ರಾಜ್ಯದ ಸರಾಸರಿ ಸಾವಿರಕ್ಕೆ 6.9 ವಿದ್ಯಾರ್ಥಿಗಳು, ಲಿಂಗಾಯತರದು 7.1, ಗಾಣಿಗರದು 7, ಮುಸಲ್ಮಾನರದು 5. ಸರಾಸರಿಗಿಂತ ಮೇಲಿದ್ದವರೂ ಹಿಂದುಳಿದವರ ಪಟ್ಟಿಯಲ್ಲಿದ್ದರು. ಅದೇ ಸೆಪ್ಟೆಂಬರಿನಲ್ಲಿ ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ರದ್ದು ಮಾಡಿತು. ಜಾತಿಯೊಂದನ್ನೇ ಅಳತೆಗೋಲಾಗಿ ಹಿಡಿಯಬಾರದು, ಮೀಸಲು ಸ್ಥೂಲವಾಗಿ ಅರ್ಧದೊಳಗಿರಬೇಕು ಎಂದಿತು. ಅರ್ಧದ ಮಿತಿಯ ಬಗ್ಗೆ ನನಗೆ ತಕರಾರಿದೆ, ಅದು ಬೇರೆ ಉಪನ್ಯಾಸದ ಮಾತು. ಆದರೆ 6.9ರ ಎದುರು 7.1 ಎಂಬ ಆ ಚಿಕ್ಕ ವ್ಯತ್ಯಾಸದಲ್ಲಿ ಐವತ್ತು ವರ್ಷಗಳ ಕಥೆಯಿದೆ. 1910ರಲ್ಲಿ ವಿದ್ಯಾಸಂಸ್ಥೆ ಕಟ್ಟಲು ಹೊರಟ ಸಮುದಾಯ 1962ಕ್ಕೆ ಸರಾಸರಿಯನ್ನು ದಾಟಿ ನಿಂತಿತ್ತು. ಬೋರ್ಡಿಂಗುಗಳು ತಮ್ಮ ಕೆಲಸ ಮಾಡಿದ್ದವು, ಅದಕ್ಕೆ ಹೆಮ್ಮೆ ಪಡಬೇಕು. ಹೆಮ್ಮೆಯ ಜೊತೆಗೆ ಒಂದು ಲೆಕ್ಕವೂ ಬರುತ್ತದೆ: ದಾಟಿದವರು ದೋಣಿಯನ್ನು ಬಿಟ್ಟುಕೊಡಬೇಕು. 1975ರಲ್ಲಿ ಹಾವನೂರರ ಆಯೋಗ ಲಿಂಗಾಯತರನ್ನು ಹಿಂದುಳಿದವರ ಪಟ್ಟಿಯಿಂದ ಹೊರಗಿಟ್ಟಾಗ ಎದ್ದ ಕೋಲಾಹಲ ನೋಡಿದರೆ ಬಿಟ್ಟುಕೊಡುವುದು ಎಷ್ಟು ಕಷ್ಟ ಎಂದು ತಿಳಿಯುತ್ತದೆ. ಇದು ಒಂದೇ ಸಮುದಾಯದ ಗುಣವಲ್ಲ. ಪರಿಶಿಷ್ಟರೊಳಗೆ ಒಳಮೀಸಲಾತಿಗಾಗಿ ಮಾದಿಗ ಸಮುದಾಯ ಮೂರು ದಶಕ ಹೋರಾಡಬೇಕಾಯಿತು. 2025ರ ಆಗಸ್ಟಿನಲ್ಲಿ ಸರ್ಕಾರ ಶೇಕಡ 17ನ್ನು 6, 6, 5 ಎಂದು ಹಂಚಿದಾಗಲೂ ಅಲೆಮಾರಿಗಳು ತಮ್ಮ ಪಾಲು ಎಲ್ಲಿ ಎಂದು ಬೀದಿಗಿಳಿದರು.

ಬಲಾಢ್ಯರಾದ ಸಮುದಾಯಗಳ ವಿದ್ಯಾಸಂಸ್ಥೆಗಳ ವಿಷಯದಲ್ಲಿ ನಾನು ಒಂದೇ ಕಡೆ ಬೆರಳಿಡುತ್ತೇನೆ. ಈ ಸಂಸ್ಥೆಗಳ ಕಾಲೇಜುಗಳಲ್ಲಿ ಇವತ್ತು ಎಲ್ಲ ಜಾತಿಯವರೂ ಓದುತ್ತಾರೆ, ಎಷ್ಟೋ ಕಡೆ ಎಲ್ಲ ಜಾತಿಯವರೂ ಪಾಠ ಮಾಡುತ್ತಾರೆ. ಅನುದಾನಿತ ಕಾಲೇಜಾದರೆ ಸಂಬಳ ಸರ್ಕಾರದ್ದು, ಅಂದರೆ ಎಲ್ಲರದು. ಆದರೆ ಆಡಳಿತ ಮಂಡಳಿಯ ಸದಸ್ಯತ್ವ? ರಾಜ್ಯದ ಅನೇಕ ಜಾತಿ ಸಂಘಗಳಲ್ಲಿ ಅದಿನ್ನೂ ಹುಟ್ಟಿನಿಂದ ಬರುತ್ತದೆ. ಬೆಂಚು ಎಲ್ಲರದು, ಕುರ್ಚಿ ಒಬ್ಬರದು. ವಿದ್ಯಾರ್ಥಿಗಳ ನಾಲ್ಕು ಜನರ ಸಂಘವನ್ನು ಜಾತಿ ಕೂಟವೆಂದು ಗದರುವ ಮೊದಲು ಈ ಕುರ್ಚಿಗಳ ಕಡೆ ನೋಡಬೇಕು. ವಿದ್ಯಾರ್ಥಿ ಸಂಘ ಯಾರಿಗೂ ನೌಕರಿ ಕೊಡುವುದಿಲ್ಲ, ಯಾರ ಸೀಟನ್ನೂ ಹಂಚುವುದಿಲ್ಲ. ಆಡಳಿತ ಮಂಡಳಿ ಎರಡನ್ನೂ ಮಾಡುತ್ತದೆ.

ಎಲ್ಲ ಪ್ರತ್ಯೇಕತೆಯೂ ಸಮಾಜವನ್ನು ಒಡೆಯುತ್ತದೆ ಎನ್ನುವವರಿಗೆ ವಿಜಯಪುರದಲ್ಲೇ ಒಂದು ಉತ್ತರವಿದೆ. 2003ರಲ್ಲಿ ಹೆಣ್ಣುಮಕ್ಕಳಿಗೆಂದೇ ಇಲ್ಲಿ ವಿಶ್ವವಿದ್ಯಾಲಯ ಆಯಿತು, ಈಗ ಅದಕ್ಕೆ ಅಕ್ಕಮಹಾದೇವಿಯ ಹೆಸರು. ಗಂಡು ಹೆಣ್ಣನ್ನು ಒಡೆದರೆಂದು ಯಾರೂ ದೂರಲಿಲ್ಲ. ಮಗಳನ್ನು ಬೇರೆ ಕಡೆ ಕಳಿಸಲು ಒಪ್ಪದ ಅಪ್ಪಂದಿರು ಅಲ್ಲಿಗೆ ಕಳಿಸಿದರು. ಓದಿ ಬಂದವರು ಗಂಡಸರ ಜೊತೆ ಕಚೇರಿಗಳಲ್ಲಿ ಕೂತು ಕೆಲಸ ಮಾಡುತ್ತಿದ್ದಾರೆ. ಬೇರೆ ಜಾಗವೊಂದು ಸಾಮಾನ್ಯ ಜಾಗಕ್ಕೆ ದಾರಿಯಾಗಬಹುದು. ಹೆಣ್ಣಿನ ವಿಷಯದಲ್ಲಿ ಒಪ್ಪಿದ ಈ ಮಾತನ್ನು ಜಾತಿಯ ವಿಷಯ ಬಂದೊಡನೆ ನಾವು ಮರೆಯುತ್ತೇವೆ.

ಬಡತನವನ್ನಷ್ಟೇ ನೋಡಿ, ಜಾತಿಯನ್ನೇಕೆ ಎಂಬುದು ಉಳಿದ ಆಕ್ಷೇಪ. ಬಡತನಕ್ಕೆ ವಿದ್ಯಾರ್ಥಿವೇತನ ಬೇಕು, ಎಲ್ಲ ಜಾತಿಯ ಬಡವರಿಗೂ ಬೇಕು. ಇದರಲ್ಲಿ ವಾದವೇ ಇಲ್ಲ. ಆದರೆ ಬಾಡಿಗೆ ಕೊಡುವ ಶಕ್ತಿಯಿದ್ದೂ ಅಡ್ಡಹೆಸರು ಕೇಳಿದ ಮೇಲೆ ರೂಮು ಸಿಗದೆ ಮರಳುವ ವಿದ್ಯಾರ್ಥಿಯ ಸಮಸ್ಯೆ ಬಡತನದ್ದಲ್ಲ. ಅದಕ್ಕೆ ರೊಕ್ಕ ಮದ್ದಲ್ಲ.

ಈಗ ಅಮೆರಿಕ. 2023ರ ಜೂನ್ 29ರಂದು ಅಲ್ಲಿಯ ಸುಪ್ರೀಂ ಕೋರ್ಟು ಹಾರ್ವರ್ಡ್ ಪ್ರಕರಣದಲ್ಲಿ ಪ್ರವೇಶಕ್ಕೆ ಜನಾಂಗವನ್ನು ಪರಿಗಣಿಸುವುದನ್ನು ತಡೆಯಿತು. ಮರುವರ್ಷ ಎಂಐಟಿಯ ಹೊಸ ತಂಡದಲ್ಲಿ ಕಪ್ಪು ವಿದ್ಯಾರ್ಥಿಗಳ ಪಾಲು ಸುಮಾರು ಶೇಕಡ 13ರಿಂದ 5ಕ್ಕೆ ಇಳಿಯಿತು. ಯೇಲ್‌ನಲ್ಲಿ ಹೆಚ್ಚುಕಡಿಮೆ ಇದ್ದಷ್ಟೇ ಉಳಿಯಿತು. ಆದ್ದರಿಂದ ಒಂದು ತೀರ್ಪಿನಿಂದ ಎಲ್ಲ ಕಡೆ ಒಂದೇ ಫಲ ಬರುತ್ತದೆಂದು ನಾನು ವಾದಿಸುವುದಿಲ್ಲ. ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು ರಾಜ್ಯಗಳ ಕಾಯ್ದೆಗಳು. 2024ರ ಜನವರಿ 1ರಿಂದ ಜಾರಿಗೆ ಬಂದ ಟೆಕ್ಸಾಸಿನ ಕಾಯ್ದೆ ಸರ್ಕಾರಿ ವಿಶ್ವವಿದ್ಯಾಲಯಗಳ ವೈವಿಧ್ಯ ಕಚೇರಿಗಳನ್ನು ಮುಚ್ಚಿಸಿತು, ವಿದ್ಯಾರ್ಥಿ ಸಂಘಗಳಿಗೆ ವಿನಾಯಿತಿ ಇದೆ ಎಂದಿತು. ಆಸ್ಟಿನ್ನಿನಲ್ಲಿ ಆ ಸಂಘಗಳು ಕೂಡುತ್ತಿದ್ದ ಬಹುಸಂಸ್ಕೃತಿ ಕೇಂದ್ರವೇ ಮುಚ್ಚಿತು. ಅದೇ ವರ್ಷ ಯೂಟಾ ವಿಶ್ವವಿದ್ಯಾಲಯದ ಕಪ್ಪು ಸಂಸ್ಕೃತಿ ಕೇಂದ್ರವೂ ಮುಚ್ಚಿತು. ಸಂಘಕ್ಕೆ ಅಡ್ಡಿಯಿಲ್ಲ, ಆದರೆ ಕೂರಲು ಕೋಣೆಯಿಲ್ಲ. ಕೋಣೆ ಎಂದರೇನು ಎಂಬುದು ವಾರಾನ್ನದ, ಬೋರ್ಡಿಂಗಿನ, ಹಾಸ್ಟೆಲಿನ ಚರಿತ್ರೆ ಬಲ್ಲ ನಮಗೆ ಅವರಿಗಿಂತ ಚೆನ್ನಾಗಿ ತಿಳಿದಿರಬೇಕು. ಯುಜಿಸಿಯ 2012ರ ಸಮಾನತೆಯ ನಿಯಮಗಳ ಪ್ರಕಾರ ಪ್ರತಿ ಉನ್ನತ ಶಿಕ್ಷಣ ಸಂಸ್ಥೆಯಲ್ಲಿ ಸಮಾನ ಅವಕಾಶ ಕೋಶ ಇರಬೇಕು, ತಾರತಮ್ಯ ತಡೆಯುವ ಅಧಿಕಾರಿ ಇರಬೇಕು. ನಮ್ಮ ಕಾಲೇಜುಗಳ ಮಕ್ಕಳು ಪ್ರಾಚಾರ್ಯರನ್ನು ಕೇಳಬೇಕಾದ ಮೊದಲ ಪ್ರಶ್ನೆ: ಆ ಕೋಶ ಯಾವ ಕೋಣೆಯಲ್ಲಿದೆ, ಅದರ ಕೀಲಿ ಯಾರ ಹತ್ತಿರ ಇದೆ?

ಕೊನೆಗೆ ಒಂದೇ ಒಲೆಯ ಮಾತಿಗೆ ಮರಳುತ್ತೇನೆ, ಅದರಲ್ಲಿ ನಾನು ಇನ್ನೂ ಮುಟ್ಟದ ಒಂದು ತೊಡಕಿದೆ. ಬಾಗೇವಾಡಿಯಲ್ಲೋ ಇಂಡಿಯಲ್ಲೋ ನಾಲ್ಕು ಇಲಾಖೆಗಳ ಮಕ್ಕಳಿಗೆ ಒಂದು ಆವರಣ ಕಟ್ಟಿದೆವೆಂದು ಇಟ್ಟುಕೊಳ್ಳೋಣ. ಕೋಣೆಗಳನ್ನು ಚೀಟಿ ಎತ್ತಿ ಹಂಚಿದೆವು, ಮೆಸ್ ಕಮಿಟಿಯಲ್ಲಿ ಎಲ್ಲ ವರ್ಗದ ಹುಡುಗರನ್ನೂ ಕೂರಿಸಿದೆವು. ಆದರೆ ಅಡುಗೆ ಯಾರು ಮಾಡುತ್ತಾರೆ? ದಲಿತ ಹೆಣ್ಣುಮಗಳು ಬೇಯಿಸಿದ ಬಿಸಿಯೂಟವನ್ನು ಮಕ್ಕಳಿಂದ ಬಿಡಿಸಿದ ಪಾಲಕರ ಸುದ್ದಿ ನಮ್ಮ ರಾಜ್ಯದ ಶಾಲೆಗಳಿಂದ ಈಗಲೂ ಬರುತ್ತದೆ. ಈ ಹೊಸ ಆವರಣದಲ್ಲೂ ಒಬ್ಬ ತಂದೆ ಟ್ರಂಕು ಎತ್ತಿಕೊಂಡು ಹೋಗಲು ಬಂದೇ ಬರುತ್ತಾನೆ. ಅವತ್ತು ಅಡುಗೆಯವಳನ್ನು ಪಾತ್ರೆ ತಿಕ್ಕಲು ಹಾಕಿ, ರೊಟ್ಟಿ ಬಡಿಯಲು ಬೇರೆಯವರನ್ನು ಕರೆದು ಗದ್ದಲ ತಣಿಸುವುದು ವಾರ್ಡನ್‌ಗೆ ಸುಲಭ. ಕೊಲ್ಲಾಪುರದ ಸಾಮಾನ್ಯ ನಿಲಯ ಒಂದೇ ಜಾತಿಯದಾದದ್ದು ಇಂಥ ಚಿಕ್ಕ ಚಿಕ್ಕ ಹೊಂದಾಣಿಕೆಗಳಿಂದಲೇ. ಆದ್ದರಿಂದ ಅಡುಗೆಯವರ ನೇಮಕಕ್ಕೆ ಮೀಸಲಾತಿಯ ರೋಸ್ಟರ್ ಇರಬೇಕು, ನೇಮಕವಾದ ಮೇಲೆ ಜಾತಿಯ ಕಾರಣಕ್ಕೆ ಅವರ ಕೆಲಸ ಬದಲಿಸಬಾರದೆಂದು ಲಿಖಿತ ನಿಯಮ ಇರಬೇಕು, ಮುರಿದ ವಾರ್ಡನ್ ಮೇಲೆ ಕ್ರಮವಾಗಬೇಕು. ಟ್ರಂಕು ಒಯ್ಯಲು ಬಂದ ತಂದೆಯನ್ನು ಊಟದ ಹೊತ್ತಿನವರೆಗೆ ಕೂರಿಸಿಕೊಳ್ಳಬೇಕು. ಅವನ ಮಗ ಮೂರು ತಿಂಗಳಿಂದ ಯಾರ ಕೈಯ ರೊಟ್ಟಿ ತಿನ್ನುತ್ತಿದ್ದಾನೆಂದು ಆ ಮಗನೇ ಅವನಿಗೆ ಹೇಳಲಿ.